ಚಹಾದಂಗಡಿ ಕಾಕಾರ ಡಬ್ಬಿ ಗಿಡಗಳು

ಅವರ ಹೆಗಲ ಮೇಲಿನ ಟವೆಲ್ಲು ಸುಡುಬೇಸಿಗೆಯಲ್ಲೂ ತೊಟ್ಟಿಕ್ಕುತ್ತಿತ್ತು. ಎಡಭುಜದಿಂದ ಮೊಣಕೈವರೆಗೆ ಅಂಗಿ ಸದಾ ಒದ್ದೆ, ಒದ್ದೆಯಾದಲ್ಲೆಲ್ಲ ತಿಳಿಹಸಿರು ಕಲೆ. ಆ ಟವೆಲ್ಲಿನಿಂದ ಕ್ರೋಟನ್ ಎಲೆಗಳ ಧೂಳು ಒರೆಸುವರು, ಅದರಿಂದಲೇ ಚಹಾದ ಕಪ್ಪು ಒರೆಸುವರು, ಸೆಕೆ ಹೆಚ್ಚಾದರೆ ತಮ್ಮ ಬೋಳುತಲೆಯನ್ನೂ ಒರೆಸಿಕೊಳ್ಳುವರು. ಯಾವುದರ ನಂತರ ಯಾವುದು ಎಂದು ನೋಡದೆ ಚಹಾ ಕುಡಿಯುವುದನ್ನು ಮೂಡಲಗಿಯ ಜನ ರೂಢಿ ಮಾಡಿಕೊಂಡಿದ್ದರು. ನಾನೂ ಮಾಡಿಕೊಂಡೆ.

ಏಕೀಕರಣವಾಗಿ ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ನಾನು ಹುಕ್ಕೇರಿಯವನು, ಮೂಡಲಗಿಯ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ಬಸ್ಸು ನಿಲ್ಲುವ ಕಡೆ ಇದ್ದದ್ದು ಇವರ ಚಹಾದಂಗಡಿ. ಊರಿಗೆಲ್ಲ ಇವರು ಕಾಕಾ. ಅವರಿಗಿಂತ ಹಿರಿಯರೂ ಕಾಕಾ ಎಂದೇ ಕರೆಯುತ್ತಿದ್ದರು, ಏಕೆಂದು ನನಗೆ ತಿಳಿಯಲಿಲ್ಲ. ಅವರ ವಿಷಯದಲ್ಲಿ ನನಗೆ ತಿಳಿಯದ ಸಂಗತಿಗಳ ಪೈಕಿ ಇದು ಮೊದಲನೆಯದು, ಅಷ್ಟೆ.

ಅಂಗಡಿಯೆಂದರೆ ಮೇಲೆ ತಗಡು, ಮುಂದೆ ಜೋಳದ ಕಣಿಕೆಯ ಚಪ್ಪರ, ಕೂಡಲು ಎರಡು ಬಾಕು. ಉಳಿದದ್ದೆಲ್ಲ ಗಿಡ. ಚಿಮಣಿ ಎಣ್ಣೆಯ ಡಬ್ಬಿ, ಬಾಯಿ ಒಡೆದ ಮಣ್ಣಿನ ಹರವಿ, ತೂತು ಬಿದ್ದ ಬಕೆಟ್ಟು, ಊರು ಎಸೆದದ್ದೆಲ್ಲ ಅವರ ಕೈಯಲ್ಲಿ ಕುಂಡವಾಗುತ್ತಿತ್ತು. ಅವುಗಳಲ್ಲಿ ಅಬ್ಬಲಿಗೆ, ದಾಸವಾಳ, ಬಣ್ಣಬಣ್ಣದ ಕ್ರೋಟನ್, ಒಂದು ಗುಲಾಬಿ. ನಮ್ಮ ಕಡೆಯ ಬಿಸಿಲಿಗೆ ತಗಡಿನ ಡಬ್ಬಿಯೊಳಗಿನ ಮಣ್ಣು ಒಲೆಯ ಮೇಲಿಟ್ಟ ಹಾಗೆ ಕಾಯುತ್ತದೆ. ಕಾಕಾರ ಹೊಡೆದಾಟವೆಲ್ಲ ಅದರ ಜೊತೆಗೆ.

"ಎಲಿ ಬಾಡಿದ್ರ ನೀರು ಹಾಕಬಹುದ್ರಿ ಮಾಸ್ತರ. ಬೇರು ಬೆಂದ್ರ ಏನ್ ಹಾಕ್ತೀರಿ?" ಎಂದು ನನ್ನನ್ನು ಕೇಳಿದ್ದರು.

ಡಬ್ಬಿಗಳಿಗೆ ಹೊರಗಿನಿಂದ ಸುಣ್ಣ ಬಳಿದಿದ್ದರು, ಬಿಸಿಲು ಅಲ್ಲಿಂದಲೇ ವಾಪಸು ಹೋಗಲಿ ಎಂದು. ಸುಣ್ಣದ ಮೇಲೆ ಚೆಂದಕ್ಕೆ ಕೆಮ್ಮಣ್ಣಿನ ಪಟ್ಟಿ. ನೆಲದ ಫರಸಿಗಲ್ಲಿನ ಕಾವು ತಾಗದಂತೆ ಕೆಳಗೆ ಇಟ್ಟಿಗೆ. ನಾಜೂಕಿನ ಗಿಡದ ಡಬ್ಬಿಯನ್ನು ದೊಡ್ಡ ಹರವಿಯೊಳಗಿಟ್ಟು ನಡುವೆ ಒದ್ದೆ ಮರಳು ತುಂಬುವರು. ಮಣ್ಣಿನ ಮೇಲೆ ಶೇಂಗಾ ಸಿಪ್ಪೆ, ಕುದಿಸಿ ಬಸಿದ ಚಹಾಪುಡಿ. ನೀರು ಕೋಳಿ ಕೂಗುವ ಹೊತ್ತಿಗೆ ಮಾತ್ರ, ಹಗಲು ಡಬ್ಬಿಗೆ ಸುತ್ತಿದ ಗೋಣಿತಟ್ಟು ತೋಯಿಸುವುದು.

ಇಷ್ಟೆಲ್ಲ ಯಾಕೆ? ಅಂಗಡಿಯ ಹಿಂದೆಯೇ ಖಾಲಿ ಜಾಗ ಬಿದ್ದಿತ್ತು, ನೆಲಕ್ಕೆ ಹಚ್ಚಬಹುದಿತ್ತು. ಕೇಳಿದವರಿಗೆಲ್ಲ ಅವರದು ಬೇರೆ ಬೇರೆ ಉತ್ತರ. ನಮ್ಮ ಹೆಡ್‌ಮಾಸ್ತರರಿಗೆ, ಮನೆಯಾಕೆಗೆ ಗಿಡವೆಂದರೆ ಜೀವ ಎಂದಿದ್ದರು. ಆ ಕಾಕಿಯನ್ನು ನಾನೇ ಕೇಳಿದೆ. "ನನಗೇನ್ ಹುಚ್ಚೇನ್ರಿ? ಇವಕ್ಕ ನೀರು ಹೊತ್ತು ಹೊತ್ತು ನನ್ನ ನಡಾ ಬಿದ್ದೈತಿ!" ಎಂದರು. ಹತ್ತಿ ವ್ಯಾಪಾರದ ಸಾವುಕಾರರಿಗೆ, ಹಸಿರು ನೋಡಿದರೆ ಕಣ್ಣಿಗೆ ಒಳ್ಳೆಯದೆಂದು ಗೋಕಾಕದ ಡಾಕ್ಟರು ಹೇಳಿದ್ದಾರೆ ಎಂದಿದ್ದರು. ನನಗೆ ಹೇಳಿದ್ದು ಒಂದೇ ಮಾತು: "ಸುಮ್ನ್ರಿ."

ಗಂಟೆ ಮೂರು ಹೊಡೆದ ಮೇಲೆ ಬಿಸಿಲು ಚಪ್ಪರದ ಕೆಳಗೆ ನುಗ್ಗುತ್ತಿತ್ತು. ಆಗ ನೋಡಬೇಕು ಅವರ ಕಾರುಬಾರು. ಬಾಕನ್ನು ಬಿಸಿಲಿಗೆ ಎಳೆದು, ಗಿರಾಕಿಗಳನ್ನು ಪಡುವಣಕ್ಕೆ ಬೆನ್ನು ಮಾಡಿ ಕೂಡಿಸಿ, ಅವರ ನೆರಳು ಬಿದ್ದಲ್ಲಿ ಡಬ್ಬಿ ಸರಿಸುವರು. ಮನುಷ್ಯನ ಗಾತ್ರ ನೋಡಿ ಗಿಡ ಹಂಚುವರು.

"ಸಾವುಕಾರ್ರ, ನೀವು ದಾಸವಾಳದ ಕಡೆ ಬರ್ರಿ. ನಿಮ್ಮಂಥಾ ನೆರಳು ಬ್ಯಾರೆ ಯಾರದೂ ಇಲ್ಲ."

ದುಡ್ಡು ಕೊಟ್ಟು ಚಹಾ ಕುಡಿಯುವವರು ಬಿಸಿಲಲ್ಲಿ, ಗಿಡಗಳು ನೆರಳಲ್ಲಿ. ಯಾರೂ ಸಿಟ್ಟಾಗುತ್ತಿರಲಿಲ್ಲ. ಸಾವುಕಾರರಂತೂ ಎದೆ ಉಬ್ಬಿಸಿ ಕೂಡುತ್ತಿದ್ದರು. ನನ್ನನ್ನು ಮೊದಲ ದಿನ ಮೇಲಿನಿಂದ ಕೆಳಗೆ ನೋಡಿ, "ಮಾಸ್ತರ, ನಿಮ್ಮ ನೆರಳು ಮೆಣಸಿನ ಗಿಡಕ್ಕೂ ಸಾಲೂದಿಲ್ರಿ. ರೊಟ್ಟಿ ತಿನ್ರಿ ಚಂದಂಗ," ಎಂದು ಒಳಗೆ ಕೂಡಿಸಿದರು. ನನಗೆ ಅವಮಾನವಾಯಿತೋ ಸಮಾಧಾನವಾಯಿತೋ ಹೇಳಲಾರೆ.

ಶಾಲೆಯಲ್ಲೂ ನನ್ನ ಪಾಡು ಹೀಗೆಯೇ, ಯಾವುದಕ್ಕೂ ಸಾಲದು. ಸರಕಾರದ ಮುಲ್ಕಿ ಪರೀಕ್ಷೆಗೆ ಕೂಡುವ ಏಳನೆಯ ತರಗತಿ ನನ್ನ ಪಾಲಿಗೆ ಬಂದಿತ್ತು. ಅರ್ಧ ಹುಡುಗರಿಗೆ ಮೀಸೆ ಚಿಗುರಿತ್ತು. ನನ್ನ ದನಿ ಮುಂದಿನ ಸಾಲು ದಾಟುತ್ತಿರಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿದರೆ ಬೆನ್ನ ಹಿಂದೆ ಸಂತೆ. ಹೆಡ್‌ಮಾಸ್ತರರು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಏನೂ ಅನ್ನದೆ ಹೋಗಿಬಿಡುತ್ತಿದ್ದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹುಕ್ಕೇರಿಯಲ್ಲಿ ಸೋದರಮಾವನ ಕಾಳಿನ ಅಂಗಡಿಯಿತ್ತು, ಬಾ ಎಂದು ಅವನು ಕರೆಯುತ್ತಲೇ ಇದ್ದ. ಹೋದರೆ ಮಾಸ್ತರಿಕೆ ಅಲ್ಲಿಗೆ ಮುಗಿಯಿತು. ಇದ್ದರೆ ಹುಡುಗರು ನನ್ನನ್ನು ಮುಗಿಸುವುದು ಖಂಡಿತ. ಹಾಸಿಗೆಯಲ್ಲಿ ಈ ಮಗ್ಗುಲಿಗೆ ಹೋಗಬೇಕೆನಿಸಿದರೆ ಆ ಮಗ್ಗುಲಿಗೆ ಇರಬೇಕೆನಿಸುತ್ತಿತ್ತು.

ಹೋಳಿ ಹುಣ್ಣಿಮೆ ಕಳೆದು ಬೆಳಗಿನ ಶಾಲೆ ಶುರುವಾದ ಹೊತ್ತು. ಒಂದು ದಿನ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿಗೆ ಬಂದೆ. ಹುಕ್ಕೇರಿಯ ದಾರಿ ಗೋಕಾಕದ ಮೇಲೆ, ಅಲ್ಲಿಗೆ ದಿನಕ್ಕೆ ಒಂದೇ ಬಸ್ಸು, ನಾಲ್ಕಕ್ಕೆ.

"ಪೆಟ್ಟಗಿ ಸಮೇತ ಎಲ್ಲಿಗೆ ಹೊಂಟ್ರಿ ಮಾಸ್ತರ?" ಎಂದರು ಕಾಕಾ.

"ಊರಿಗ್ರಿ."

"ಬ್ಯಾಸಗಿ ಸೂಟಿ ಇನ್ನೂ ದೂರ ಐತೆಲ್ಲ?"

"ಸೂಟಿಗಲ್ರಿ. ಪೂರಾ ಹೊಂಟೇನಿ. ನನ್ನ ಕೈಲೆ ಆಗೂದಿಲ್ಲ."

ಅವರು ಬಾಕನ್ನು ಬಿಸಿಲಿಗೆ ಎಳೆದು ನನ್ನನ್ನು ಕೂಡಿಸಿದರು. ಗುಲಾಬಿಯ ಡಬ್ಬಿ ತಂದು ನನ್ನ ನೆರಳಿಗಿಟ್ಟರು. ಅದಕ್ಕೆ ಮೊದಲ ಮೊಗ್ಗು ಬಂದಿತ್ತು.

"ನೀರು ತರ್ತೇನಿ. ಅಲ್ಲೀತನಕ ಅಲುಗಾಡಬ್ಯಾಡ್ರಿ. ಬಿಸಲು ಬಿತ್ತಂದ್ರ ಈ ಮೊಗ್ಗಿ ಹೋತು," ಎಂದು ಕೊಡ ಎತ್ತಿಕೊಂಡು ಹೋದರು.

ಬಾವಿ ಅಲ್ಲೇ ಹಿಂದೆ. ಆದರೆ ಕಾಕಾ ಬರಲೇ ಇಲ್ಲ. ಬಸ್ಸು ಬಂತು, ಜನ ಇಳಿದರು, ಜನ ಹತ್ತಿದರು. ಡಬ್ಬಿ ಎತ್ತಿ ಒಳಗಿಟ್ಟು ಹೋಗಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಇಷ್ಟು ವರ್ಷದಿಂದ ನನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಆಗ ಅದು ಹೊಳೆಯಲೇ ಇಲ್ಲ. ಅರ್ಧ ಎದ್ದೆ, ನನ್ನ ನೆರಳು ಎಲೆಗಳ ಮೇಲಿಂದ ಜಾರಿತು, ಮೊಗ್ಗಿನ ಮೇಲೆ ಬಿಸಿಲು ಬಿತ್ತು. ಮತ್ತೆ ಕೂತೆ.

"ಏ ಮಾಸ್ತರ, ಬರ್ತೀರೋ ಇಲ್ಲೋ?" ಎಂದು ಕಂಡಕ್ಟರ್ ಕೂಗಿದ.

"ತಡೀರಿ, ಕಾಕಾ ಬರ್ಲಿ."

"ಬಸ್ಸು ಹತ್ತಾಕ ಕಾಕಾ ಯಾಕ ಬೇಕ್ರಿ?"

ಒಳಗಿದ್ದವರೆಲ್ಲ ನಕ್ಕರು. ಬಸ್ಸು ಹೋಯಿತು. ಧೂಳು ಅಡಗಿದ ಮೇಲೆ ಕಾಕಾ ಕೊಡ ಹೊತ್ತು ಬಂದರು.

"ಬಸ್ಸು ಹೋತೇನ್ರಿ?"

ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. "ನಿಮ್ಮಿಂದನ ಹೋತು!" ಎಂದು ಕೂಗಾಡಿದೆ. ಆ ದನಿ ನನ್ನದೇ ಎಂದು ನನಗೆ ನಂಬಿಕೆಯಾಗಲಿಲ್ಲ. ಅವರು ಮೊಗ್ಗು ನೋಡುತ್ತಿದ್ದರು.

"ನಾಳಿಗೂ ಐತೆಲ್ರಿ ಬಸ್ಸು. ಅದೂ ನಾಕಕ್ಕ. ಅಲ್ಲೀತನಕ ಸುಮ್ನ ಕುಂತು ಏನ್ ಮಾಡ್ತೀರಿ? ಮುಂಜಾನಿ ಸಾಲಿಗೆ ಹೋಗಿಬರ್ರಿ."

ಇಷ್ಟು ಹೇಳಿ ನನ್ನ ಪೆಟ್ಟಿಗೆಯನ್ನು ಕೈಯಿಂದ ತಟ್ಟಿ ನೋಡಿದರು. "ಎತ್ತರ ಬೇಷ್ ಐತಿ," ಎಂದು ಅದನ್ನು ಗೋಡೆಗೆ ಸರಿಸಿ, ಮೇಲೆ ಅಬ್ಬಲಿಗೆಯ ಡಬ್ಬಿಗಳನ್ನು ಸಾಲಾಗಿ ಏರಿಸಿ ಒದ್ದೆ ತಟ್ಟು ಹೊದಿಸಿದರು. ನಾನು ನೋಡುತ್ತ ನಿಂತೆ. ಬಟ್ಟೆ ಬೇಕೆಂದು ರಾತ್ರಿಯಾಗುವ ಮುಂಚೆ ಮತ್ತೆ ಹೋದಾಗ ಡಬ್ಬಿ ಇಳಿಸಿಕೊಟ್ಟರು. ಅಂಗಿ, ಧೋತರ ತೆಗೆದುಕೊಂಡೆ. ಅವರು ಮುಚ್ಚಳ ಹಾಕಿ ಮತ್ತೆ ಡಬ್ಬಿ ಏರಿಸಿದರು. ಪೆಟ್ಟಿಗೆಯನ್ನು ಆಗಲೇ ಎತ್ತಿಕೊಂಡು ಬರಬಹುದಿತ್ತು ಎಂದು ಕೋಣೆಗೆ ಬಂದ ಮೇಲೆ ನೆನಪಾಯಿತು.

ಮರುದಿನ ಶಾಲೆಗೆ ಹೋದೆ. ನಾಲ್ಕಕ್ಕೆ ಊರು ಬಿಡುವವನಿಗೆ ಯಾರ ಹೆದರಿಕೆ? ಹಿಂದಿನ ಸಾಲಿನವನೊಬ್ಬ ಬೆಕ್ಕಿನಂತೆ ಕೂಗಿದ. ನಾನು ಕಾಕಾರಿಗೆ ಕೂಗಿದ ದನಿಯಲ್ಲೇ ಅವನಿಗೆ ಕೂಗಿದೆ. ತರಗತಿ ಗಪ್ಪಾಯಿತು. ಆ ಮೌನದಲ್ಲಿ ಏನು ಮಾಡಬೇಕೆಂದು ತೋಚದೆ ಬಡ್ಡಿ ಲೆಕ್ಕ ಹೇಳಿಕೊಡಲು ಶುರು ಮಾಡಿದೆ. ಅವರು ಬರೆದುಕೊಳ್ಳಲು ಶುರು ಮಾಡಿದರು. ನನಗೆ ಇನ್ನಷ್ಟು ಗಾಬರಿಯಾಯಿತು.

ಅಂದು ನಾಲ್ಕಕ್ಕೆ ಅಂಗಡಿಗೆ ಹೋದಾಗ ಪೆಟ್ಟಿಗೆಯ ಮೇಲೆ ಡಬ್ಬಿಗಳು ಹಾಗೇ ಇದ್ದವು. "ಎಳೇ ಸಸಿ ಅದಾವ್ರಿ, ನಾಳೆ ಇಳಸ್ತೇನಿ," ಎಂದರು. ಮರುದಿನವೂ ಅದೇ ಮಾತು. ಬೆಳಿಗ್ಗೆ ಊರು ಬಿಡುವವನ ಧೈರ್ಯದಲ್ಲಿ ಪಾಠ, ಸಂಜೆ ಗುಲಾಬಿಗೆ ನೆರಳು, ಕಣ್ಣ ಮುಂದೆ ಬಸ್ಸು ಹೋಗುವುದು. ಹೀಗೇ ಪರೀಕ್ಷೆ ಬಂತು. ಹೆಚ್ಚಿನ ಹುಡುಗರು ಪಾಸಾದರು. ಸೂಟಿ ಬಿದ್ದ ದಿನ ಕಾಕಾ ತಾವಾಗಿಯೇ ಡಬ್ಬಿ ಇಳಿಸಿ, ಪೆಟ್ಟಿಗೆ ಒರೆಸಿ, ಬಸ್ಸಿನ ಮೇಲೆ ಏರಿಸಿದರು.

"ಮತ್ತ ಯಾವಾಗ ಬರ್ತೀರಿ?"

"ಸಾಲಿ ತೆರದ ದಿನಾ ಬರ್ತೇನ್ರಿ," ಎಂದುಬಿಟ್ಟೆ. ಹುಕ್ಕೇರಿ ಮುಟ್ಟುವವರೆಗೂ ನಾನು ಏನು ಹೇಳಿದೆನೆಂದು ಯೋಚಿಸುತ್ತಿದ್ದೆ. ಸೋದರಮಾವ ಅಂಗಡಿಯ ಗಾದಿ ತೋರಿಸಿ ಕೂಡು ಎಂದ, ಆದರೂ ಮೃಗಶಿರ ಮಳೆ ಹತ್ತಿದಾಗ ನಾನು ಮೂಡಲಗಿಯಲ್ಲಿದ್ದೆ.

ಮುಂದೆ ಅಲ್ಲೇ ಮದುವೆ, ಅಲ್ಲೇ ಮನೆ. ದೂರದ ತುಕ್ಕಾನಟ್ಟಿಯಿಂದಲೂ ಹುಡುಗರು ನಡೆದು ಬಂದು ನನ್ನ ತರಗತಿಯಲ್ಲಿ ಕೂಡುವಂತಾಯಿತು. ಎದುರಿಗೆ ಕೂತ ಆ ಮುಖಗಳನ್ನು ನೋಡಿದಾಗಲೆಲ್ಲ ಎದೆ ತುಂಬುತ್ತಿತ್ತು. ಇದೆಲ್ಲ ಕಾಕಾ ಕೊಟ್ಟದ್ದು. ಆದರೆ ಬೇಕೆಂದೇ ಕೊಟ್ಟರೇ? ಅಥವಾ ಅವರಿಗೆ ಅಂದು ಗುಲಾಬಿಯ ಮೊಗ್ಗಿನ ಹೊರತು ಬೇರೇನೂ ಕಾಣಲಿಲ್ಲವೇ? ದಿನಾ ಎದುರು ಕೂತು ಚಹಾ ಕುಡಿದರೂ ಕೇಳಲು ನಾಲಗೆ ಏಳುತ್ತಿರಲಿಲ್ಲ. ಇಲ್ಲ ಎಂದುಬಿಟ್ಟರೆ ಎಂಬ ಅಂಜಿಕೆ.

ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರಿಗೆ ದಮ್ಮು ಹತ್ತಿತು. ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರು ಹೋಗುವ ಹಿಂದಿನ ದಿನ ಮನೆಗೆ ಹೋಗಿ ಪಕ್ಕದಲ್ಲಿ ಕೂತೆ. ಇನ್ನು ಕೇಳದಿದ್ದರೆ ಆಗದು ಎನಿಸಿತು.

"ಕಾಕಾ, ಅವತ್ತ ನನ್ನ ಬೇಕಂತನ ಕುಂದರಿಸಿದ್ರೇನ್ರಿ?"

"ಯಾವತ್ತ್ರಿ?"

ಎಲ್ಲವನ್ನೂ ಹೇಳಿದೆ. ಬಸ್ಸು, ಕಂಡಕ್ಟರ್, ನನ್ನ ಕೂಗಾಟ. ಅವರು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದರು. ಆ ಮುಖದಲ್ಲಿ ಮರೆಮಾಚುವ ಲಕ್ಷಣವೇನೂ ಇರಲಿಲ್ಲ.

"ನೆಪ್ಪ ಇಲ್ರಿ," ಎಂದರು. ಆಮೇಲೆ ಕಣ್ಣು ತೆರೆದು ಕೇಳಿದರು, "ಖರೇನ ಹೊಂಟಿದ್ರೇನ್ರಿ? ಎಲ್ಲಿಗೆ ಹೊಂಟಿದ್ರಿ?"

ಋಣ ಕೊಟ್ಟವರಿಗೇ ಅದರ ಸುದ್ದಿ ಗೊತ್ತಿಲ್ಲದಿದ್ದರೆ ಯಾರ ಕೈಗೆ ತೀರಿಸಬೇಕು? ಒಣಗಿದ ಆ ಕೈ ಹಿಡಿದುಕೊಂಡೆ.

"ಎಲ್ಲಿಗೂ ಇಲ್ರಿ ಕಾಕಾ," ಎಂದೆ. "ನಾ ಇಲ್ಲೇ ಇದ್ನೆಲ್ರಿ."