ಜಾಗ ಬದಲಿಸದ ಕುಳಿ

2024ರ ಮೇ 14, ಮಂಗಳವಾರ, ಬೆಳಗ್ಗೆ ಐದು ಗಂಟೆ ಇಪ್ಪತ್ತು ನಿಮಿಷ. ಸೂರ್ಯ ಇನ್ನೂ ಗುಡ್ಡ ಹತ್ತಿಲ್ಲ. ಆದರೂ ಇಬ್ಬನಿಯ ಮೇಲೆ ಹೆಜ್ಜೆಗುರುತು ಕಾಣುವಷ್ಟು ಬೆಳಕಿದೆ. ಐರ್ಲೆಂಡಿನ ಮೇಯೊ ಕಡಲತೀರದ ಡೂನಕ್ರಾ ಗಾಲ್ಫ್ ಮೈದಾನದಲ್ಲಿ, ಹದಿನಾಲ್ಕನೇ ಕುಳಿಯ ಮುಂದೆ ಅಟ್ರಾಕ್ಟಾ ಮಲ್ಕೆರಿನ್ ಮಂಡಿಯೂರಿ ಕೂತಿದ್ದಾರೆ. ಕುಳಿಯೊಳಗಿನ ಬಟ್ಟಲನ್ನು ಕೊಕ್ಕೆ ಹಾಕಿ ಮೇಲೆತ್ತಿ, ಒಳಗಿದ್ದುದನ್ನು ಚಿಟಿಕೆಯಷ್ಟು ತೆಗೆದು ಬೆರಳಿನಲ್ಲಿ ಉಜ್ಜಿ ನೋಡುತ್ತಾರೆ.

"ಮರಳಲ್ಲ ಇದು," ಎನ್ನುತ್ತಾರೆ. "ಮರಳಾದ್ರೆ ಉದುರೋಗುತ್ತೆ. ಇದು ಅಂಟ್ಕೊಳುತ್ತೆ. ಯಾರೋ ರಾತ್ರಿ ಇಲ್ಲೇ ತಂಗಿದಾರೆ ಪಾಪ."

ಕೈಗಾಡಿಯಿಂದ ಕ್ರಿಸ್‌ಮಸ್ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ ಹೊರಬರುತ್ತದೆ. ಒಳಗೆ ಒಗೆದು ಮಡಿಸಿದ ಬಟ್ಟೆಯ ಚೌಕವಿದೆ. ಬಟ್ಟಲಲ್ಲಿದ್ದ ಮನುಷ್ಯರ ಬೂದಿಯನ್ನು ಅದರ ಮೇಲೆ ಸುರಿದು, ಕುಳಿಯ ತಳದಲ್ಲಿ ಉಳಿದದ್ದನ್ನು ಚಮಚದಿಂದ ಕೆರೆದು ಸೇರಿಸುತ್ತಾರೆ. ಕೈ ಕೆಲಸ ಮಾಡುತ್ತಿರುವಷ್ಟು ಹೊತ್ತೂ ಬಾಯಿ ಮಾತಾಡುತ್ತಿರುತ್ತದೆ. "ಬನ್ನಿ ಬನ್ನಿ, ಇಲ್ಲಿರೋ ಹಾಗಿಲ್ಲ ನೀವು. ಇವತ್ತು ಗಾಳಿ ಪಡುವಣದ್ದು, ಮಳೆ ಮಧ್ಯಾಹ್ನದ ಮೇಲೆ. ನಿನ್ನೆ ನಿಮ್ಮ ಕಡೆಯೋರು ಆಡಿದ್ದು ನೋಡಿದೆ, ಅಷ್ಟೇನೂ ಚೆನ್ನಾಗಿರ್ಲಿಲ್ಲ."

ಸತ್ತವರ ಪಕ್ಕದಲ್ಲಿ ಸುಮ್ಮನೆ ಕೂರುವುದು ನಮ್ಮೂರಿನಲ್ಲಿ ಮರ್ಯಾದೆಯಲ್ಲ. ಶವ ಮನೆಯಲ್ಲಿರುವ ರಾತ್ರಿ ಅದಕ್ಕೂ ಊರ ಸುದ್ದಿ ಹೇಳುತ್ತೇವೆ.

ಐವತ್ತೆಂಟರ ಅಟ್ರಾಕ್ಟಾ ಈ ಮೈದಾನದಲ್ಲಿ ಕುಳಿ ಕೊರೆಯುವವರು. ಆಡಲು ಬರುವವರಲ್ಲಿ ಹೆಚ್ಚಿನವರಿಗೆ ಇಂಥದೊಂದು ಕೆಲಸವಿದೆ ಎಂಬುದೇ ಗೊತ್ತಿಲ್ಲ. ಬಾವುಟ ನೆಟ್ಟ ಕುಳಿ ಮೈದಾನದಷ್ಟೇ ಹಳೆಯದು, ಅಲ್ಲೇ ಹುಟ್ಟಿ ಅಲ್ಲೇ ಇರುವಂಥದು ಎಂದುಕೊಂಡಿರುತ್ತಾರೆ. ಆದರೆ ಕುಳಿ ದಿನವೂ ಜಾಗ ಬದಲಿಸುತ್ತದೆ. ಒಂದೇ ಕಡೆ ಇದ್ದರೆ ಅದರ ಸುತ್ತಲಿನ ಹುಲ್ಲು ತುಳಿತಕ್ಕೆ ಸಿಕ್ಕಿ ಸಾಯುತ್ತದೆ. ಹಾಗಾಗಿ ಅಟ್ರಾಕ್ಟಾ ಪ್ರತಿ ಬೆಳಗ್ಗೆ ಹದಿನೆಂಟು ಗ್ರೀನ್‌ಗಳಲ್ಲೂ, ಅಂದರೆ ಕುಳಿಯ ಸುತ್ತ ನುಣುಪಾಗಿ ಕತ್ತರಿಸಿದ ಹುಲ್ಲುಹಾಸುಗಳಲ್ಲಿ, ಉಕ್ಕಿನ ಕೊಳವೆಯಿಂದ ಹೊಸ ಕುಳಿ ಕೊರೆಯುತ್ತಾರೆ. ಕೊಳವೆಯೊಳಗೆ ಬಂದ ಮಣ್ಣು-ಹುಲ್ಲಿನ ಉರುಳೆಯನ್ನು ಹಳೆಯ ಕುಳಿಗೆ ಇಳಿಸಿ, ಹಿಮ್ಮಡಿಯಲ್ಲಿ ಒತ್ತಿ, ನೀರು ಚಿಮುಕಿಸುತ್ತಾರೆ. ಮೊದಲು ಹದಿನಾಲ್ಕು, ಏಕೆಂದರೆ ಯಂತ್ರಗಳ ಶೆಡ್ಡು ಅದರ ಮಗ್ಗುಲಲ್ಲಿದೆ. ಮೊದಲ ಆಟಗಾರ ದಾಂಡು ಎತ್ತುವ ಹೊತ್ತಿಗೆ ಹದಿನೆಂಟೂ ಮುಗಿದಿರಬೇಕು.

"ನಿನ್ನೆ ಕುಳಿ ಎಲ್ಲಿತ್ತು ಅಂತ ಯಾರಿಗಾದ್ರೂ ಗೊತ್ತಾಯ್ತು ಅಂದ್ರೆ ನನ್ನ ಕೆಲಸ ಕೆಟ್ಟಿದೆ ಅಂತ ಅರ್ಥ," ಎನ್ನುತ್ತಾರೆ ಅವರು.

ಈ ಕೆಲಸಕ್ಕೆ ಅವರು ಬಂದದ್ದು ಕ್ಲಬ್ಬಿನ ಅಡುಗೆಮನೆಯಿಂದ. ಗಂಡ ಎಂಡಾ ಏಡಿ ಹಿಡಿಯುವ ದೋಣಿಯಲ್ಲಿ ಬೆನ್ನು ಮುರಿದುಕೊಂಡು ಮಲಗಿದಾಗ ಅವರು ಇಲ್ಲಿ ಸೂಪು ಬೇಯಿಸುತ್ತ, ಸ್ಕೋನ್ ಎಂಬ ಪುಟ್ಟ ಬನ್ನು ಸುಡುತ್ತ ಮನೆ ನಡೆಸಿದರು. ಒಂದು ಚಳಿಗಾಲ ಕುಳಿ ಕೊರೆಯುವವನು ಕೆಲಸ ಬಿಟ್ಟು ಹೋದ. ಗಾಳಿಯಲ್ಲಿ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಇವರು ಕೊಳವೆ ಹಿಡಿದರು. ಗಂಡಸರು ಶೆಡ್ಡಿನ ಬಾಗಿಲಲ್ಲಿ ನಿಂತು, "ಸ್ಕೋನ್ ಎಷ್ಟೊತ್ತಿಗೆ ಬೇಯುತ್ತೆ ಅಟ್ರಾಕ್ಟಾ?" ಎಂದು ಕಿಚಾಯಿಸಿದರು.

ಕಿಚಾಯಿಸುವುದಕ್ಕೆ ಕಾರಣವೂ ಇತ್ತು. ಸ್ಕೋನಿನ ಹಿಟ್ಟನ್ನು ಲೋಟದಿಂದ ಕತ್ತರಿಸುವಾಗ ನೇರ ಒತ್ತಿ ನೇರ ಎತ್ತಬೇಕು, ತಿರುಗಿಸಬಾರದು. ತಿರುಗಿಸಿದರೆ ಅದು ಒಲೆಯಲ್ಲಿ ಸೊಟ್ಟಗೆ ಉಬ್ಬುತ್ತದೆ. ಇಲ್ಲಿನ ಹೆಣ್ಣುಮಕ್ಕಳಿಗೆ ಇದನ್ನು ಅಮ್ಮಂದಿರು ಕೈಮೇಲೆ ಏಟು ಕೊಟ್ಟು ಕಲಿಸಿರುತ್ತಾರೆ. ಮಣ್ಣಿನ ಲೆಕ್ಕ ಬೇರೆ. ಅಲ್ಲಿ ತಿರುಗಿಸದೆ ಕೊಳವೆ ಇಳಿಯುವುದೇ ಇಲ್ಲ. ಅಟ್ರಾಕ್ಟಾ ಮೊದಲ ದಿನ ನೇರ ಒತ್ತಿದರು, ಮೇಲೆ ಹತ್ತಿ ನಿಂತರು, ಕುಣಿದರು. ಆಮೇಲೆ ಅದನ್ನು ಕಿತ್ತು ತೆಗೆಯಲು ಟ್ರ್ಯಾಕ್ಟರ್ ತರಬೇಕಾಯಿತು. ಈಗ ಅವರ ಎಡಭುಜ ಸವೆದಿದೆ. ವೈದ್ಯರು ತಿರುಚುವ ಕೆಲಸ ಬಿಡಿ ಎಂದಿದ್ದಾರೆ. "ಬಿಟ್ರೆ ಮತ್ತೆ ಸೂಪೇ," ಎಂದು ನಗುತ್ತಾರೆ.

ಬೂದಿಯ ಸಂಗತಿ ಶುರುವಾದದ್ದು ಪ್ರವಾಸದ ಬಸ್ಸುಗಳು ಹೆಚ್ಚಾದ ಮೇಲೆ. ಕೋಟೆಯಂಥ ಹೋಟೆಲಿನಲ್ಲಿ ವಾಸ್ತವ್ಯ, ಬೆಳಗ್ಗೆ ಗಾಲ್ಫ್, ಮಧ್ಯಾಹ್ನ ಕಡಲ ಬಂಡೆಗಳು, ಪಾಳುಬಿದ್ದ ಮಠಗಳು, ಸಂಜೆ ಕಡಲಪಾಚಿಯ ಬಿಸಿನೀರಿನ ಸ್ನಾನ. ಬರುವವರಲ್ಲಿ ಕೆಲವರ ಸಾಮಾನಿನಲ್ಲಿ, ಈ ಪ್ರವಾಸದ ಕನಸು ಕಂಡು ಬರಲಾಗದೆ ಹೋದ ಅಪ್ಪನೋ ಗಂಡನೋ ಪುಟ್ಟ ಪೊಟ್ಟಣವಾಗಿ ಇರುತ್ತಾನೆ. ಯಾರೂ ನೋಡದಾಗ ಅವನನ್ನು ಕುಳಿಗೆ ಸುರಿದು, ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಾರೆ. ಅವನು ಇನ್ನು ಎಂದೆಂದಿಗೂ ಅಲ್ಲೇ ಇರುತ್ತಾನೆ ಎಂದು ನಂಬಿರುತ್ತಾರೆ.

ಹುಲ್ಲಿಗೆ ಇದು ಒಗ್ಗುವುದಿಲ್ಲ. ಸುಟ್ಟ ಮೂಳೆಯ ಪುಡಿಯಲ್ಲಿ ಸುಣ್ಣದ ಅಂಶ, ಉಪ್ಪು ಎರಡೂ ವಿಪರೀತ. ಗ್ರೀನ್‌ನ ನಯವಾದ ಹುಲ್ಲಿಗೆ ತುಸು ಹುಳಿ ಮಣ್ಣೇ ಬೇಕು. ಬೂದಿ ಬಿದ್ದಲ್ಲಿ ಬೇರು ಸುಟ್ಟು, ಆ ಜಾಗ ಬೇಸಿಗೆಯುದ್ದಕ್ಕೂ ಬೋಳಾಗಿರುತ್ತದೆ. ಅದಕ್ಕೇ ಕ್ಲಬ್ಬಿನ ಸಮಿತಿ ಈ ಮಾರ್ಚಿನಲ್ಲಿ ಶೆಡ್ಡಿನ ಗೋಡೆಗೆ ನಿಯಮವೊಂದನ್ನು ಅಂಟಿಸಿತು. ಬೂದಿ ಸಿಕ್ಕರೆ ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಗೆ ಹಾಕಬೇಕು. ತಪ್ಪಿದವರು ಕೆಲಸ ಕಳೆದುಕೊಳ್ಳಬೇಕಾದೀತು.

ಅಟ್ರಾಕ್ಟಾ ಅದನ್ನು ಓದಿದ್ದಾರೆ, ಪಾಲಿಸಿಲ್ಲ. "ಮನುಷ್ಯರನ್ನ ತೊಟ್ಟಿಗೆ ಹಾಕೋಕೆ ನಂಗೆ ಬರಲ್ಲ. ಅದನ್ನ ನಮ್ಮಮ್ಮ ಕಲಿಸಿಲ್ಲ." ಡಬ್ಬಿಯನ್ನು ಅವರು ಒಯ್ಯುವುದು ಹದಿನಾಲ್ಕರ ಹಿಂದಿನ ಮರಳುದಿಬ್ಬಕ್ಕೆ. ಅಲ್ಲಿಯ ಮರಳೆಂದರೆ ಪುಡಿಯಾದ ಚಿಪ್ಪುಗಳೇ. ಅಲ್ಲಿಯ ಒರಟು ಹುಲ್ಲಿಗೆ ಉಪ್ಪುಗಾಳಿಯೇ ಆಹಾರ. ಹಿಡಿ ಬೂದಿಯಿಂದ ಅದಕ್ಕೇನೂ ಆಗುವುದಿಲ್ಲ. ಚೆಂಡು ಅತ್ತ ಹೋಗುವುದಿಲ್ಲ.

ಈ ಮಂಗಳವಾರವೂ ಅಷ್ಟೇ ಆಗಿ ಮುಗಿಯಬೇಕಿತ್ತು. ಹೊಸ ಕುಳಿ ಕೊರೆದಾಗಿದೆ, ಹಳೆಯದು ಮುಚ್ಚಿದೆ, ಬಾವುಟ ನೆಟ್ಟಾಗಿದೆ. ಆಗ ಶೆಡ್ಡಿನ ಬಳಿ ದೊಡ್ಡ ಬಸ್ಸೊಂದು ಬಂದು ನಿಲ್ಲುತ್ತದೆ. ಚಾಲಕ ಮ್ಯಾಲಕಿ ಗಿಲ್‌ಗನ್ ಇಳಿಯುತ್ತಾನೆ, ಹಿಂದೆ ಮಳೆಕೋಟು ತೊಟ್ಟ ಒಬ್ಬರೇ ಹೆಂಗಸು.

"ಇಷ್ಟು ದೊಡ್ಡ ಬಸ್ಸಲ್ಲಿ ಒಬ್ಬರನ್ನೇ ಕರ್ಕೊಂಡು ಬಂದ್ಯಾ?" ಎಂದು ಅಟ್ರಾಕ್ಟಾ ಕೂಗುತ್ತಾರೆ.

"ನಿದ್ದೆ ಬರ್ತಿಲ್ಲ, ಹೊರಡೋ ಮುಂಚೆ ಇನ್ನೊಂದ್ಸಲ ಇಲ್ಲಿ ನಿಲ್ಬೇಕು ಅಂದ್ರು ಕಣೇ. ನಿನ್ನೆ ಎಲ್ರಿಗೂ ಒಂದೇ ಬಂಡೆನ ಎರಡು ಕಡೆಯಿಂದ ತೋರಿಸಿ ಎರಡು ಬಂಡೆ ಅಂದಿದ್ದೆ. ಆ ಪಾಪ ಹೀಗೆ ತೀರ್ಲಿ ಅಂತ ಬಂದೆ." ದನಿ ತಗ್ಗಿಸಿ ಸೇರಿಸುತ್ತಾನೆ, "ಇವ್ರ ಅಪ್ಪ ತೀರ್ಕೊಂಡು ಮೂರು ತಿಂಗಳಾಯ್ತಂತೆ."

ಆಕೆ ಡೋರೀನ್ ಹ್ಯಾಲ್ವರ್‌ಸನ್, ಅಮೆರಿಕದ ಮಿನೆಸೋಟದವರು. ಅಟ್ರಾಕ್ಟಾಗೆ ಎಲ್ಲ ಅರ್ಥವಾಗುತ್ತದೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದೆ ಚಾಚುತ್ತಾರೆ. ಸಾವಿನ ಮನೆಯಲ್ಲಿ ಕೈಕುಲುಕಿ ಹೇಳುವ ಮಾತು ನಮ್ಮಲ್ಲಿ ಒಂದೇ, ಅದನ್ನೇ ಹೇಳುತ್ತಾರೆ. "ನಿಮಗೆ ತೊಂದ್ರೆ ಆಯ್ತು. ಬಹಳ ಬೇಜಾರಾಯ್ತು ನಂಗೆ."

"ಅಯ್ಯೋ, ಏನೂ ತೊಂದ್ರೆ ಆಗಿಲ್ಲ," ಎನ್ನುತ್ತಾರೆ ಡೋರೀನ್. "ಹೋಟೆಲು ತುಂಬಾ ಚೆನ್ನಾಗಿದೆ. ಬಿಸಿನೀರು ಮಾತ್ರ ಸ್ವಲ್ಪ ತಡ."

ಮ್ಯಾಲಕಿ ಆಕಾಶ ನೋಡುತ್ತಾನೆ. ಅಷ್ಟರಲ್ಲಿ ಡೋರೀನ್ ಕಣ್ಣು ಬಾವುಟದ ಮೇಲೆ ಬೀಳುತ್ತದೆ. ನಿನ್ನೆ ಅದು ಕಡಲ ಕಡೆಗಿತ್ತು. ಈಗ ಗುಡ್ಡದ ಕಡೆಗಿದೆ. ಅವರು ನಿನ್ನೆಯ ಜಾಗಕ್ಕೆ ಓಡಿ, ಒದ್ದೆ ಹುಲ್ಲಿನ ಮೇಲೆ ಕುಸಿದು, ಎರಡೂ ಅಂಗೈಯಲ್ಲಿ ನೆಲ ತಡವುತ್ತಾರೆ. ಎಲ್ಲೂ ಗೆರೆಯಿಲ್ಲ, ಕಲೆಯಿಲ್ಲ.

"ಇಲ್ಲೇ ಇತ್ತು! ಇಲ್ಲೇ ಕುಳಿ ಇತ್ತು! ನಮ್ಮಪ್ಪ ಎಲ್ಲಿ?"

ಇಷ್ಟು ವರ್ಷಗಳಲ್ಲಿ ತಮ್ಮ ಕೆಲಸ ಚೆನ್ನಾಗಿ ಆದದ್ದಕ್ಕೆ ಬೇಸರಪಟ್ಟದ್ದು ಅದೊಂದೇ ಸಲ ಎನ್ನುತ್ತಾರೆ ಅಟ್ರಾಕ್ಟಾ. ಡಬ್ಬಿ ತಂದು ಆಕೆಯ ತೊಡೆಯ ಮೇಲಿಡುತ್ತಾರೆ. "ಇಲ್ಲಿದಾರೆ ನೋಡಿ. ಹುಷಾರಾಗಿದಾರೆ. ಬೆಳಗ್ಗೆಯಿಂದ ಮಾತಾಡ್ತಾ ಇದೀವಿ ನಾವು."

ಡೋರೀನ್ ಡಬ್ಬಿಯ ಮೇಲಿನ ಹಿಮದ ಬಂಡಿಯ ಚಿತ್ರವನ್ನು ಬೆರಳಿನಿಂದ ಸವರುತ್ತಾರೆ. ಆಮೇಲೆ ಹೇಳುತ್ತಾರೆ. ಅಪ್ಪ ಆರ್ವಿಡ್ ಐವತ್ತು ವರ್ಷ ಆಡಿದವರು. ಒಂದೇ ಏಟಿಗೆ ಚೆಂಡು ಕುಳಿ ಸೇರಿದ್ದು ಒಮ್ಮೆಯೂ ಇಲ್ಲ. ಈ ಪ್ರವಾಸವನ್ನು ಇಬ್ಬರಿಗೆಂದು ಅವರೇ ಗೊತ್ತುಮಾಡಿದ್ದರು. "ಸತ್ತ ಮೇಲಾದ್ರೂ ಒಂದೇ ಸಲಕ್ಕೆ ಕುಳಿಗೆ ಬೀಳ್ಬೇಕು ಅಂತಿದ್ರು. ತಮಾಷೆಗೆ ಅಂತಿದ್ರು. ನಾನು ನಿಜ ಮಾಡೋಣ ಅಂದ್ಕೊಂಡೆ."

"ಹಾಗಾದ್ರೆ ದಿಬ್ಬದ ಮೇಲೆ ಚೆಲ್ಲೋ ಹಾಗಿಲ್ಲ," ಎಂದು ಅಟ್ರಾಕ್ಟಾ ಎದ್ದು ಕೊಳವೆಯನ್ನು ಹೆಗಲಿಗೇರಿಸುತ್ತಾರೆ.

ಮರಳಿನಲ್ಲಿ ಕುಳಿ ನಿಲ್ಲುವುದಿಲ್ಲ, ಗೋಡೆ ಜರಿಯುತ್ತದೆ. ಒರಟು ಹುಲ್ಲಿನ ಬೇರು ದಟ್ಟವಾಗಿ ಹೆಣೆದುಕೊಂಡ ಜಾಗ ಹುಡುಕಿ, ನೀರು ಸುರಿದು, ಕೊಳವೆ ಇಟ್ಟು ತಿರುಗಿಸುತ್ತಾರೆ. ಭುಜ ನೋಯುತ್ತದೆ, ಹಲ್ಲು ಕಚ್ಚುತ್ತಾರೆ. ಶೆಡ್ಡಿನಿಂದ ತುಕ್ಕು ಹಿಡಿದು ತಳ ಬಿದ್ದುಹೋದ ಹಳೆಯ ಬಟ್ಟಲೊಂದನ್ನು ಮ್ಯಾಲಕಿ ತರುತ್ತಾನೆ. ತಳವಿಲ್ಲದ್ದೇ ಒಳ್ಳೆಯದು, ಮಳೆ ಬಿದ್ದಂತೆ ಒಳಗಿದ್ದದ್ದು ಮರಳಿಗೆ ಇಳಿದುಹೋಗುತ್ತದೆ. ಡೋರೀನ್ ಡಬ್ಬಿ ಓರೆ ಮಾಡುತ್ತಾರೆ. ಗಾಳಿ ಒಂದು ಕ್ಷಣ ಬಿಡುವು ಕೊಡುತ್ತದೆ.

"ಒಂದೇ ಏಟು!" ಎಂದು ಮ್ಯಾಲಕಿ ಟೋಪಿ ತೆಗೆದು ಕೂಗುತ್ತಾನೆ. "ನಾನೇ ಸಾಕ್ಷಿ!"

ಡೋರೀನ್ ನಗುತ್ತಾರೆ, ನಗುತ್ತಲೇ ಅಳುತ್ತಾರೆ. ಅಟ್ರಾಕ್ಟಾ ಫ್ಲಾಸ್ಕಿನ ಟೀ ಬಗ್ಗಿಸಿ, ತಮ್ಮ ಹ್ಯಾಮ್ ಸ್ಯಾಂಡ್‌ವಿಚ್ಚನ್ನು ಮೂರು ಪಾಲು ಮಾಡುತ್ತಾರೆ. ಹ್ಯಾಮ್ ಇಲ್ಲದ ಸಾವಿನ ಊಟ ಇಲ್ಲಿ ಊಟವೇ ಅಲ್ಲ. ಮುಂದಿನ ಬೆಳಗ್ಗೆ ಈ ಕುಳಿಯೂ ಎಲ್ಲಿಗಾದರೂ ಹೋಗುತ್ತದೆಯೇ ಎಂದು ಡೋರೀನ್ ಕೇಳುತ್ತಾರೆ.

"ಇಲ್ಲ, ಇದು ಹೋಗಲ್ಲ," ಎಂದುಬಿಡುತ್ತಾರೆ ಅಟ್ರಾಕ್ಟಾ. ಕೊಟ್ಟ ಮಾತು ತಮ್ಮ ಕೈಯಲ್ಲಿಲ್ಲ ಎಂಬುದು ಅವರಿಗೆ ಹೊಳೆಯುವುದು ಬಸ್ಸು ಹೊರಟ ಮೇಲೆ.

ಮ್ಯಾಲಕಿಯ ಬಾಯಿಗೆ ಬೀಗವಿಲ್ಲ. ಬುಧವಾರ ಸಂಜೆಗೆ ಸುದ್ದಿ ಮದ್ಯದಂಗಡಿಯ ಎಲ್ಲ ಮೇಜುಗಳನ್ನೂ ಸುತ್ತಿ, ಕ್ಲಬ್ಬಿನ ಕಾರ್ಯದರ್ಶಿ ಜಾರ್ಲತ್ ಹೆಸ್ಟನ್ ಕಿವಿಗೆ ಬೀಳುತ್ತದೆ. ಶುಕ್ರವಾರದ ಸಮಿತಿ ಸಭೆಗೆ ಬರುವಂತೆ ಅಟ್ರಾಕ್ಟಾಗೆ ಹೇಳಿಕಳುಹಿಸುತ್ತಾರೆ. ಕೆಲಸ ಹೋದರೂ ಹೋಗಬಹುದು, ದಿಬ್ಬದ ಕುಳಿಯನ್ನು ಮುಚ್ಚಿಸಲೂಬಹುದು. "ಕೆಲಸದ್ದು ಹಾಗಿರ್ಲಿ. ಆ ಹೆಂಗಸಿಗೆ ಇರುತ್ತೆ ಅಂದಿದೀನಲ್ಲ," ಎಂಬುದೇ ಅವರ ಚಿಂತೆ.

ಶುಕ್ರವಾರ ಅವರು ಕೆಲಸದ ಬೂಟಿನಲ್ಲೇ, ಕೊಳವೆ ಹಿಡಿದೇ ಸಭೆಗೆ ಬರುತ್ತಾರೆ.

"ಅಟ್ರಾಕ್ಟಾ, ನಿಯಮ ಓದಿದ್ದೆ ತಾನೆ?" ಎನ್ನುತ್ತಾರೆ ಜಾರ್ಲತ್.

"ಓದಿದ್ದೆ. ನಿಮ್ಮ ಗ್ರೀನ್ ಹಾಳಾಗಬಾರದು ಅನ್ನೋದು ಅದ್ರಲ್ಲಿರೋದು. ಯಾವುದಾದ್ರೂ ಹಾಳಾಗಿದ್ಯಾ?"

ಖಜಾಂಚಿ ಇಲ್ಲವೆಂದು ತಲೆಯಾಡಿಸುತ್ತಾರೆ. ಆದರೆ ಜಾರ್ಲತ್ ಬಿಡುವವರಲ್ಲ. "ಇವತ್ತು ಒಂದು ಕುಳಿ, ನಾಳೆ ಬೆಂಚು, ನಾಡಿದ್ದು ಶಿಲುಬೆ, ಹೂವಿನ ಪಾತಿ. ಇದು ಗಾಲ್ಫ್ ಮೈದಾನನೋ ಸ್ಮಶಾನನೋ? ನಿಂಗೆ ಬೇಕಾಗಿರೋದು ಎಷ್ಟು ಜಾಗ, ಅದನ್ನ ಹೇಳು ಮೊದ್ಲು."

ಅಟ್ರಾಕ್ಟಾ ಕೊಳವೆಯನ್ನು ಎತ್ತಿ ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ ಬಾಯಿ ಮೇಲಾಗಿ ನಿಲ್ಲಿಸುತ್ತಾರೆ. ಬಿಳಿಯ ಮೇಜುಬಟ್ಟೆಯ ಮೇಲೆ ಮರಳು ಉದುರುತ್ತದೆ. "ಇಷ್ಟು. ಬಾವುಟ ಬೇಡ, ಹೆಸರು ಬೇಡ. ಒಂದು ಕುಳಿ ಮಾತ್ರ ದಿನಾ ಜಾಗ ಬದಲಿಸದೆ ಇರ್ಲಿ."

ಖಜಾಂಚಿ ಮೊದಲು ಕೈಯೆತ್ತುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಜಾರ್ಲತ್ ಕೊನೆಯವರಾಗಿ ಎತ್ತುತ್ತಾರೆ. ಅದಕ್ಕೂ ಮೊದಲು ಜೇಬಿನಿಂದ ಟೇಪು ತೆಗೆದು, ಕೊಳವೆಯ ಬಾಯಿಗೆ ಅಡ್ಡಲಾಗಿ ಹಿಡಿದು ನೋಡುತ್ತಾರೆ. ಡೂನಕ್ರಾದ ಸಮಿತಿ ಅಟ್ರಾಕ್ಟಾ ಮಲ್ಕೆರಿನ್ ಅವರಿಗೆ ಬಿಟ್ಟುಕೊಟ್ಟ ಜಾಗದ ಅಡ್ಡಳತೆ 108 ಮಿಲಿಮೀಟರ್.