ಹಳೆಯ ರಕ್ತ ಚೆಲ್ಲದ ಫ್ರೀಜರಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಫ್ರೀಜರಿನೊಳಗೆ ಮೊಣಕೈವರೆಗೆ ಕೈ ಇಳಿಸಿದ ಹೆಂಗಸೊಬ್ಬರು ಬೆರಳುದ್ದದ ಟ್ಯೂಬೊಂದನ್ನು ಹೆಕ್ಕಿ, ಚೀಟಿಗೆ ಹಿಡಿದ ಹಿಮವನ್ನು ಹೆಬ್ಬೆರಳಿನಿಂದ ಉಜ್ಜುತ್ತಾರೆ. "ಏಳೇ ತಾಯಿ, ನಿನ್ನ ಜೋಡಿ ಬಂದಿದೆ," ಎಂದು ಟ್ಯೂಬಿಗೇ ಹೇಳುತ್ತಾರೆ. ಅದು ಏಳು ವರ್ಷದ ಹುಡುಗಿಯೊಬ್ಬಳ ಹೋದ ವರ್ಷದ ರಕ್ತದ ತಿಳಿ.

ಇಪ್ಪತ್ಮೂರು ವರ್ಷಗಳಿಂದ ಇಲ್ಲಿ ಗುತ್ತಿಗೆಯ ತಂತ್ರಜ್ಞೆಯಾಗಿರುವ ಇವರಿಗೆ ಎಲ್ಲರೂ ಇಟ್ಟ ಹೆಸರು ಫ್ರೀಜರಕ್ಕ. ಬೆರಳ ತುದಿಗಳು ಬಿರುಕುಬಿಟ್ಟಿವೆ. "ನಿನ್ನ ಕೈ ಹಿಡಿದೆನೋ ಐಸ್‌ಕ್ಯಾಂಡಿ ಹಿಡಿದೆನೋ ಅಂತಾರೆ ನಮ್ಮನೆಯವರು," ಎಂದು ನನ್ನತ್ತ ನೋಡಿ ನಗುತ್ತಾರೆ.

ಇವರ ಮೇಜಿಗೆ ಬರುವುದು ಸಿಸ್ಟಿಕ್ ಫೈಬ್ರೋಸಿಸ್ ಇರುವವರ ರಕ್ತ. ಹುಟ್ಟಿನಿಂದಲೇ ಬರುವ ಈ ಕಾಯಿಲೆಯಲ್ಲಿ ಕಫ ಗೋಂದಿನಂತೆ ಶ್ವಾಸಕೋಶಕ್ಕೆ ಅಂಟುತ್ತದೆ. ಅಲ್ಲಿ ರೋಗಾಣು ಬೇರುಬಿಟ್ಟರೆ ಕೀಳುವುದು ಕಷ್ಟ. ಚಿಕ್ಕ ಮಕ್ಕಳಿಗೆ ಕಫ ಕ್ಯಾಕರಿಸಿ ಉಗುಳಲು ಬರುವುದಿಲ್ಲ. ಗಂಟಲಿಗೆ ಕಡ್ಡಿ ಹಾಕಿ ನೋಡಿದರೂ ರೋಗಾಣು ಕಣ್ತಪ್ಪಿಸಬಹುದು. ಆದರೆ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಕೆಲವೊಮ್ಮೆ ರಕ್ತದಲ್ಲಿ ಚಾಡಿ ಹೇಳಿಬಿಡುತ್ತದೆ.

ದಿನಕ್ಕೆ ಮೂವತ್ತು, ನಲವತ್ತು ಟ್ಯೂಬು. ತೊಂಬತ್ತಾರು ಕುಳಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿಕಾಯ ಹೆಚ್ಚಿದ್ದಷ್ಟೂ ಕುಳಿಯ ಹಳದಿ ಗಾಢ. ಹೊಸ ರಕ್ತದ ಪಕ್ಕದ ಕುಳಿಗೆ ಅದೇ ರೋಗಿಯ ಹಳೆಯ ರಕ್ತ ಹಾಕುವುದು ಫ್ರೀಜರಕ್ಕನ ಪಟ್ಟು. "ಮಿಷನ್ ಅಂಕಿ ಇವತ್ತೊಂದು, ನಾಳೆಯೊಂದು. ಅಕ್ಕಪಕ್ಕ ಕೂರಿಸಿ ನೋಡಿ, ಆಗ ಸುಳ್ಳು ಹೇಳಕ್ಕಾಗಲ್ಲ."

ಈ ಪಟ್ಟು ಕಲಿಸಿದ್ದು ಅವರದೇ ತಪ್ಪು. ಹನ್ನೊಂದು ವರ್ಷದ ಹಿಂದೆ, ಜಾಗ ಮಾಡಿ ಎಂಬ ಆದೇಶಕ್ಕೆ ತಲೆಯಾಡಿಸಿ ಒಂದು ಟ್ರೇ ಖಾಲಿ ಮಾಡಿದ್ದರು. ಮರುತಿಂಗಳು ಒಂದು ಮಗುವಿನ ಅಂಕಿ ಗಡಿಯಲ್ಲಿ ನಿಂತಿತು. ಏರಿದೆಯೋ, ಮೊದಲಿನಿಂದಲೂ ಅಷ್ಟೇ ಇತ್ತೋ ನೋಡಲು ಹಳೆಯ ರಕ್ತವಿಲ್ಲ. ಕಾದು ನೋಡೋಣ ಎಂದರು ವೈದ್ಯೆ. ಮೂರು ತಿಂಗಳಲ್ಲಿ ರೋಗಾಣು ಠಿಕಾಣಿ ಹೂಡಿತ್ತು. "ಅವರಮ್ಮ ನನ್ನ ಬೈಯಲೇ ಇಲ್ಲ. ಬೈದಿದ್ರೆ ವಾಸಿ ಇತ್ತು."

ಈಗ ಮತ್ತೆ ಅಂಥದೇ ಆದೇಶ ಬಂದಿದೆ: ಫ್ರೀಜರು ಬೇರೆ ವಿಭಾಗಕ್ಕೆ ಬೇಕು, ಹಳೆಯ ಟ್ಯೂಬುಗಳನ್ನೆಲ್ಲ ಇಂದೇ ಎಸೆಯಬೇಕು. ಒಂಬತ್ತೂವರೆಗೆ ಉಗ್ರಾಣದ ಮೇಲ್ವಿಚಾರಕರು ದಪ್ಪ ಚೀಲ ಹಿಡಿದು ಇಳಿದು ಬರುತ್ತಾರೆ.

"ಏನಮ್ಮ, ಹಳೇ ರಕ್ತ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?"

"ಹಾಕ್ತೀನಿ ಸಾರ್. ಮೊದಲು ಇದನ್ನ ನೋಡಿ."

ತಟ್ಟೆಯಲ್ಲಿ ಒಂದು ಕುಳಿ ನೀರಿನಂತೆ ತಿಳಿ. ಪಕ್ಕದ್ದು ಅಪ್ಪಟ ಅರಿಶಿನ.

"ಯಾರದ್ದಿದು?"

"ಎರಡೂ ಒಂದೇ ಹುಡುಗೀದು. ತಿಳಿ ಇರೋದು ಹೋದ ವರ್ಷದ್ದು, ಹಳದಿ ನಿನ್ನೇದು. ಹೋದ ವಾರ ಗಂಟಲ ಪರೀಕ್ಷೇಲಿ ಏನೂ ಇಲ್ಲ ಅಂತ ಬಂದಿತ್ತು. ಚೀಲಕ್ಕೆ ಯಾವುದು ಹಾಕ್ಲಿ, ನೀವೇ ಹೇಳಿ."

ಮೇಲ್ವಿಚಾರಕರು ಚೀಲವನ್ನು ಬೆನ್ನ ಹಿಂದೆ ಹಿಡಿಯುತ್ತಾರೆ. "ಆದೇಶ ನನ್ನದಲ್ಲ ಕಣಮ್ಮ, ಮೇಲಿನೋರದ್ದು."

"ಹಾಗಾದ್ರೆ ಉತ್ತರಾನೂ ಅವರಿಗೇ ಕೊಡಿ."

ಆದೇಶದ ಹಾಳೆಯ ಮೇಲೆಯೇ ಫ್ರೀಜರಕ್ಕ 'ಖಾಲಿ ಮಾಡುವುದಿಲ್ಲ' ಎಂದು ಬರೆದು ಸಹಿ ಹಾಕುತ್ತಾರೆ. ಆಮೇಲೆ ವೈದ್ಯೆಗೆ ಫೋನು. ಹುಡುಗಿಯನ್ನು ಇವತ್ತೇ ಕರೆಸಿ ಮತ್ತೆ ಪರೀಕ್ಷಿಸುತ್ತೇನೆ, ಈ ಸಲ ಕಾಯುವುದಿಲ್ಲ ಎನ್ನುತ್ತಾರೆ ಆಕೆ.

ಮುಂದಿನ ತಿಂಗಳು ಫ್ರೀಜರಕ್ಕನ ಗುತ್ತಿಗೆ ಮುಗಿಯುತ್ತದೆ. ನವೀಕರಿಸಬೇಕಾದವರೂ ಆ ಮೇಲಿನವರೇ. ಕೆಲಸ ಹೋದರೆ ಎಂದು ಹಿಂಜರಿಯುತ್ತಲೇ ಕೇಳುತ್ತೇನೆ.

"ಹೋಗ್ಲಿ ಬಿಡಮ್ಮ. ಯಾವ ಮಗು ಯಾವ ಟ್ರೇಲಿದೆ ಅಂತ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ನನ್ನ ಜಾಗಕ್ಕೆ ಬರೋಳು ನನಗಿಂತ ದೊಡ್ಡ ಜಗಳಗಂಟಿ ಆಗಿರ್ಲಿ, ಅಷ್ಟು ಸಾಕು."