ಪಂಕ್ತಿಯಲ್ಲಿ ಕೂರದ ಮೀನುಗಳು

ಹಾಲೇಶಪ್ಪ ಮೊದಲು ಕಂಡದ್ದು ಗುರುಶಾಂತಮ್ಮನವರ ಮುಖವನ್ನಲ್ಲ, ಬೆನ್ನನ್ನು. ಅದು ಅರವತ್ತನಾಲ್ಕನೆಯ ಇಸವಿಯ ಜೂನ್ ತಿಂಗಳು. ಲೋಕಿಕೆರೆಯ ಅವನ ಮನೆತನದಲ್ಲಿ ಬಿ.ಎಸ್ಸಿ. ಪಾಸಾದವನು ಅವನೊಬ್ಬನೇ. ದಾವಣಗೆರೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಆಗತಾನೆ ಕೆಲಸ ಸಿಕ್ಕಿತ್ತು. ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ ಶಿವಯೋಗಪ್ಪನವರ ಮನೆಯಲ್ಲಿ ಅಟ್ಟದ ಕೋಣೆ ಖಾಲಿ ಇದೆಯೆಂದು ಕೇಳಿ, ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಬಂದಿದ್ದ. ಬೀದಿಯ ತುಂಬ ಮೆಣಸಿನಕಾಯಿ ಘಾಟು. ಸೀನುತ್ತಲೇ ಪಡಸಾಲೆಗೆ ಕಾಲಿಟ್ಟ.

ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ತಿರುಗಲಿಲ್ಲ. ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ನಿಲ್ಲೆಂದು ಸನ್ನೆ ಮಾಡಿದರು.

"ಸೀನಬ್ಯಾಡ್ರಿ. ಬೆದರ್ತಾವೆ."

"ಯಾವುವು ಅಮ್ಮಾರ?"

ಅವರು ಪಕ್ಕಕ್ಕೆ ಸರಿದರು. ಕಬ್ಬಿಣದ ಚೌಕಟ್ಟಿನ ದೊಡ್ಡ ಗಾಜಿನ ತೊಟ್ಟಿ. ಅದರೊಳಗೆ ಹರಿಹರದ ಹೊಳೆಯ ಗೆಂಡೆ ಮರಿಗಳು ಬೆಳ್ಳಿ ಚೂರುಗಳಂತೆ ಓಡಾಡುತ್ತಿದ್ದವು. ಅವುಗಳ ಹಿಂದೆ, ಮೂಲೆಯಲ್ಲಿ, ಎರಡು ಮೀನುಗಳು ಅಲುಗದೆ ನಿಂತಿದ್ದವು. ಊಟದ ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿದಷ್ಟು ದುಂಡಗೆ, ಅಷ್ಟೇ ತೆಳ್ಳಗೆ. ಕಂದು ಮೈಮೇಲೆ ನೀಲಿಯ ಗೆರೆಗಳು ಅಲೆಯಲೆಯಾಗಿ ಹರಿದಿದ್ದವು. ಕಣ್ಣುಗಳು ಕೆಂಪು ಹರಳಿನಂತಿದ್ದವು. ಹಾಲೇಶಪ್ಪ ಪೆಟ್ಟಿಗೆಯನ್ನು ಕೆಳಗಿಡುವುದನ್ನೇ ಮರೆತ. ಪುಸ್ತಕದಲ್ಲಿ ಕಪ್ಪು ಬಿಳುಪಿನ ಚಿತ್ರವಾಗಿ ಒಮ್ಮೆ ನೋಡಿದ್ದ ಡಿಸ್ಕಸ್ ಮೀನು! ದಕ್ಷಿಣ ಅಮೆರಿಕದ ಮಹಾನದಿಯ ಜೀವ ಮಂಡಿಪೇಟೆಯ ಪಡಸಾಲೆಯಲ್ಲಿ ಉಸಿರಾಡುತ್ತಿತ್ತು.

"ನನ್ನ ತಮ್ಮ ಬಕ್ಕೇಶಪ್ಪ ಮುಂಬೈಯಿಂದ ತಂದು ಕೊಟ್ಟಾನೆ" ಎಂದರು ಗುರುಶಾಂತಮ್ಮ. "ಹಡಗಿನಾಗ ಬಂದಿದ್ವಂತೆ. ಅಲ್ಲಿಂದ ಇಲ್ಲೀತನಕ ಎಣ್ಣೆ ಡಬ್ಬಿಯಾಗ, ರೈಲಿನಾಗ. ಆದ್ರೆ ತಮ್ಮಾ, ಒಂದು ಮಾತು. ಇವು ಉಣ್ಣಂಗಿಲ್ಲ."

ಕೊನೆಯ ಮಾತು ಹೇಳುವಾಗ ಅವರ ದನಿ ಕುಗ್ಗಿತು. ಅದು ಯಾಕೆಂದು ಅಟ್ಟದ ಮೇಲೆ ಕೆಲವು ದಿನ ಕಳೆದ ಮೇಲೆ ಹಾಲೇಶಪ್ಪನಿಗೆ ತಿಳಿಯಿತು. ಆ ಮನೆ ದಾಸೋಹದ ಮನೆ. ಸೋಮವಾರ ಬಂತೆಂದರೆ ಜಂಗಮರಿಗೆ, ಹಳ್ಳಿಯಿಂದ ಮಾಲು ತಂದ ರೈತರಿಗೆ, ಹಮಾಲರಿಗೆ ಒಂದೇ ಪಂಕ್ತಿಯಲ್ಲಿ ಊಟ. ಹಸಿದ ಜೀವ ಆ ಹೊಸಿಲಿನೊಳಗೆ ಇರಬಾರದು. ಶಿವಯೋಗಪ್ಪನವರು ಹೆಂಡತಿಗೆ ಖಂಡಿತವಾಗಿ ಹೇಳಿಬಿಟ್ಟಿದ್ದರು: "ದೀಪಾವಳಿಗೆ ನಿನ್ನ ತಮ್ಮ ಬರ್ತಾನೆ. ಅಷ್ಟರಾಗ ಉಂಡ್ರೆ ಇರ್ಲಿ, ಇಲ್ಲಾಂದ್ರೆ ವಾಪಸ್ ಒಯ್ಲಿ. ನಮ್ಮನಿಯಾಗ ಉಪವಾಸ ಸಾಯೋದು ಬ್ಯಾಡ."

ಗುರುಶಾಂತಮ್ಮ ಏನೂ ಕಡಿಮೆ ಮಾಡಿರಲಿಲ್ಲ. ಮಂಡಿಪೇಟೆಯ ಬಾವಿ ನೀರು ಗಡಸು, ಮೀನಿಗೆ ಒಗ್ಗುವುದಿಲ್ಲವೆಂದು, ಮಂಡಿಗೆ ಮಾಲು ಸಾಗಿಸುವ ಮಕ್ತುಮ್ ಸಾಬ್ ತನ್ನ ಲಾರಿಯಲ್ಲಿ ಹರಿಹರದಿಂದ ಹೊಳೆಯ ನೀರು ತಂದುಕೊಡುತ್ತಿದ್ದ. ಥಂಡಿ ಇದ್ದ ದಿನ ತೊಟ್ಟಿಯ ಪಕ್ಕದಲ್ಲಿ ಬಲ್ಬ್ ಉರಿಯುತ್ತಿತ್ತು. ಮಂಡಕ್ಕಿ ಪುಡಿ ಹಾಕಿ ನೋಡಿದ್ದರು. ಡಿಸ್ಕಸ್ ಮೂಸಲೂ ಇಲ್ಲ. ಹಿತ್ತಲಿನ ಕಲ್ಲುಬಾನಿಯಲ್ಲಿ ಸೊಳ್ಳೆಯ ಹುಳುಗಳಿವೆ, ಆದರೆ ನಿಮ್ಮ ಮನೆಯಲ್ಲಿ ಅದು ಹೇಗೆ ಎಂದು ಹಾಲೇಶಪ್ಪ ತಡವರಿಸಿದಾಗ ಅವರು ನಕ್ಕಿದ್ದರು.

"ನಮ್ಮನಿ ಬೆಕ್ಕು ಲಿಂಗ ಕಟ್ಟಿಕೊಂಡೈತೇನೋ ಮೇಷ್ಟ್ರ? ಅದು ಇಲಿ ಹಿಡೀತೈತೆ, ನಾನು ಹಾಲು ಹಾಕ್ತೀನಿ. ಅವುಗಳ ಊಟ ಅವುಗಳದು."

ಹುಳು ಹಾಕಿದರು. ಹಾಕಿದ್ದೇ ತಡ, ಗೆಂಡೆಗಳು ಮುಗಿಬಿದ್ದು ಮುಕ್ಕಿದವು. ಡಿಸ್ಕಸ್‌ಗಳು ಮದುವೆಗೆ ಬಂದ ಬೀಗರಂತೆ ನಿಧಾನವಾಗಿ ಮುಂದೆ ಬರುವಷ್ಟರಲ್ಲಿ ನೀರು ಬರಿದಾಗಿತ್ತು. ಮತ್ತೆ ಮೂಲೆಗೆ ಸರಿದವು. ದಿನದಿನಕ್ಕೆ ಮೈ ಕಪ್ಪಾಗುತ್ತಿತ್ತು, ನೀಲಿ ಗೆರೆ ಮಾಸುತ್ತಿತ್ತು.

"ಅಮ್ಮಾರ, ಇವೆರಡನ್ನ ಬ್ಯಾರೆ ಇಡ್ರಿ. ಇವು ಓಡಿ ತಿನ್ನೋ ಜಾತಿ ಅಲ್ಲ."

ಅವರ ಮುಖ ಬಿಗಿಯಿತು. "ಅದೊಂದು ಹೇಳಬ್ಯಾಡ. ಈ ಮನಿಯಾಗ ಪಂಕ್ತಿಭೇದ ಇಲ್ಲ. ಮುಂಬೈಯಿಂದ ಬಂದೈತೆ ಅಂತ ಇದಕ್ಕೊಂದು ಎಡೆ, ಹೊಳಿಯಿಂದ ಬಂದೈತೆ ಅಂತ ಅದಕ್ಕೊಂದು ಎಡೆ? ನಮ್ಮತ್ತಿ ಇದ್ದಿದ್ರೆ ನನ್ನ ಕೈಯಾಗಿನ ಸೌಟು ಕಸಗೊಂತಿದ್ರು."

"ಹಂಗಂದ್ರೆ ಎಲ್ಲಾರೂ ಒಂದೇ ಪಂಕ್ತಿಯಾಗ ಕೂತು ಇಬ್ಬರು ಸಾಯ್ಲಿ ಅಂತೀರೇನ್ರಿ?"

ಆ ರಾತ್ರಿ ಅಟ್ಟಕ್ಕೆ ದಿನಾ ಬರುತ್ತಿದ್ದ ಮಜ್ಜಿಗೆಯೂ ಬರಲಿಲ್ಲ.

ಶ್ರಾವಣದ ಒಂದು ಸೋಮವಾರ ಹಾಲೇಶಪ್ಪನೂ ಪಂಕ್ತಿಯಲ್ಲಿ ಕೂತಿದ್ದ. ಎಲೆ ಹಾಕಿ ಆಗಿತ್ತು, ಸ್ವಾಮಿಗಳಿಗೂ ಇನ್ನೂ ಬಡಿಸಿರಲಿಲ್ಲ. ಆಗ ಗುರುಶಾಂತಮ್ಮ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ ಇಟ್ಟ ತಟ್ಟೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಕೋಣೆಗೆ ಒಯ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ದ್ರಾಕ್ಷಾಯಣಮ್ಮ ಅಲ್ಲಿ ಹಸುಗೂಸಿನೊಂದಿಗೆ ಮಲಗಿದ್ದಳು. ಹಾಲೇಶಪ್ಪನಿಗೆ ಹಳೆಯ ಮುನಿಸು ಇನ್ನೂ ಇತ್ತು.

"ಅಮ್ಮಾರ, ಪಂಕ್ತಿಗಿಂತ ಮೊದಲೇ ಒಂದು ತಟ್ಟೆ ಒಳಗೆ ಹೋತಲ್ರಿ!"

"ಬಾಣಂತಿಗೆ ಎಲ್ಲಿ ಪಂಕ್ತಿ, ಹುಚ್ಚಪ್ಪಾ? ಆಕಿ ಎದ್ದು ಬಂದು ಕೂಡೋಕಾಗ್ತೈತೇನು? ಊಟಾನೇ ಆಕಿ ಹತ್ರ..."

ಮಾತು ಅಲ್ಲಿಗೇ ನಿಂತಿತು. ಗುರುಶಾಂತಮ್ಮ ಸಾರಿನ ಸೌಟು ಹಿಡಿದು ತೊಟ್ಟಿಯ ಕಡೆ ನೋಡಿದರು. ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. ಹಿರಿಯ ಜಂಗಮರೊಬ್ಬರು, "ತಾಯೀ, ನೆಲಕ್ಕೆ ಆಮೇಲೆ ಬಡಿಸ್ರಿ, ಮೊದಲು ನಮಗಾಗ್ಲಿ" ಎಂದಾಗ ಪಂಕ್ತಿಯೇ ನಕ್ಕಿತು.

ಮಧ್ಯಾಹ್ನ ಹಳೆಯ ಪಟವೊಂದರ ಗಾಜನ್ನು ಬಿಚ್ಚಿ, ಬದಿಯಲ್ಲಿ ನೀರು ಆಡುವಷ್ಟು ಸಂದು ಬಿಟ್ಟು, ಗುರುಶಾಂತಮ್ಮ, ಹಾಲೇಶಪ್ಪ ಇಬ್ಬರೂ ಸೇರಿ ತೊಟ್ಟಿಯೊಳಗೆ ಅಡ್ಡ ನಿಲ್ಲಿಸಿದರು. ಡಿಸ್ಕಸ್ ಎರಡೂ ಆಚೆ ಬದಿಗೆ, ಗೆಂಡೆಗಳು ಈಚೆ ಬದಿಗೆ; ತೊಟ್ಟಿ ಒಂದೇ, ನೀರೂ ಒಂದೇ. ಬಾಣಂತಿ ಕೋಣೆಗೆ ಮರೆ ಬೇಕೆಂದು ಗುರುಶಾಂತಮ್ಮ ಮಣ್ಣಿನ ಕುಡಿಕೆಯೊಂದನ್ನೂ ಬೋರಲು ಹಾಕಿದರು. ಹುಳು ಬಿಟ್ಟರು. ಡಿಸ್ಕಸ್ ಒಂದು ಬಾಗಿ ನೋಡಿತು. ಬಾಯಿಂದ ಸಣ್ಣಗೆ ಊದಿತು. ಆಮೇಲೆ ಒಂದು ಹುಳು ಒಳಗೆ ಹೋಯಿತು. ಗುರುಶಾಂತಮ್ಮ ಹಾಲೇಶಪ್ಪನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಉಂಡಿತು" ಎಂದರು, ಅಷ್ಟೇ.

ಗೌರಿ ಹಬ್ಬ ಕಳೆಯುವಷ್ಟರಲ್ಲಿ ನೀಲಿ ಗೆರೆಗಳು ಮತ್ತೆ ಹೊಳೆದವು. ಕುಡಿಕೆಯ ಮೈಮೇಲೆ ರಾಗಿಯಷ್ಟು ಸಣ್ಣ ಮೊಟ್ಟೆಗಳು ಕಂಡವು. ಅವು ಬೆಳ್ಳಗಾಗಿ ಕೆಟ್ಟವು. ಮತ್ತೊಮ್ಮೆ ಇಟ್ಟವು. ಈ ಸಲ ಗಂಡು ಹೆಣ್ಣು ಎರಡೂ ಸರದಿಯಲ್ಲಿ ರೆಕ್ಕೆಯಿಂದ ಗಾಳಿ ಹಾಕಿದಂತೆ ನೀರಾಡಿಸಿದವು. ಗೆಂಡೆ ಗಾಜಿನ ಹತ್ತಿರ ಬಂದರೆ ಸಾಕು, ಹಾಯಲು ಹೋಗುತ್ತಿದ್ದವು.

ಮರಿಗಳು ಈಜಲು ತೊಡಗಿದ ಬೆಳಿಗ್ಗೆ ಗುರುಶಾಂತಮ್ಮನವರ ಕೂಗಿಗೆ ಹಾಲೇಶಪ್ಪ ಅರ್ಧ ಕ್ಷೌರದ ಮುಖದಲ್ಲೇ ಇಳಿದು ಬಂದ. ಮರಿಗಳು ತಾಯಿಯ ಮೈಗೆ ಧೂಳಿನಂತೆ ಅಂಟಿಕೊಂಡಿದ್ದವು. ಅಂಟಿಕೊಂಡು ಮೇಯುತ್ತಿದ್ದವು! ಚರ್ಮದ ಮೇಲೆ ಲೋಳೆ ಒಸರುತ್ತಿತ್ತು, ಅದೇ ಅವುಗಳ ಹಾಲು. ಸ್ವಲ್ಪ ಹೊತ್ತಿಗೆ ತಾಯಿ ಮೈ ಝಾಡಿಸಿ ಸರಿಯಿತು. ಮರಿಗಳ ಗುಂಪು ತೇಲಿ ಹೋಗಿ ತಂದೆಯ ಮೈಗೆ ಹತ್ತಿಕೊಂಡಿತು. ತಂದೆ ಅಲುಗದೆ ನಿಂತು ಉಣಿಸಿತು. ಹಾಲೇಶಪ್ಪ ಓದಿದ ಪಾಠದಲ್ಲಿ ಇದು ಇರಲಿಲ್ಲ.

ಅಂಗಡಿಗೆ ಹೊರಟಿದ್ದ ಶಿವಯೋಗಪ್ಪನವರು ರುಮಾಲು ತೆಗೆದು ನೆಲದ ಮೇಲೆಯೇ ಕೂತರು.

"ನಾವು ಕಣಜದಿಂದ ತೆಗೆದು ಬಡಿಸ್ತೀವಿ" ಎಂದರು ಕೊನೆಗೆ. "ಇವು ಮೈಯಿಂದ ಬಡಿಸ್ತಾವಲ್ಲೋ ಮೇಷ್ಟ್ರ."

ಒಳಗೆ ಕೂಸು ಅತ್ತಿತು. ದ್ರಾಕ್ಷಾಯಣಮ್ಮ ಅದನ್ನು ಎತ್ತಿಕೊಂಡೇ ಬಂದು, ಬಾಗಿಲಿಗೆ ಒರಗಿ ನೋಡುತ್ತ ನಿಂತಳು.

ದೀಪಾವಳಿಗೆ ಬಕ್ಕೇಶಪ್ಪ ಮೀನು ಒಯ್ಯಲೆಂದು ಖಾಲಿ ಡಬ್ಬಿ ಹಿಡಿದೇ ಬಂದ. ತೊಟ್ಟಿಯ ಮುಂದೆ ನಿಂತು ಕಣ್ಣು ಉಜ್ಜಿಕೊಂಡ.

"ಅಕ್ಕಾ, ಹೆಂಗೆ ಮಾಡಿದಿ? ಮುಂಬೈಯಾಗ ಮಾರಿದವನಿಗೇ ಮರಿ ಆಗಿಲ್ಲ."

"ಏನಿಲ್ಲಪ್ಪಾ, ಬಾಣಂತನ ಮಾಡ್ದೆ" ಎಂದರು ಗುರುಶಾಂತಮ್ಮ. ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಕ್ತುಮ್ ಸಾಬ್‌ಗೆ ಕೊಟ್ಟರು, ಹೊಳೆಯ ನೀರು ತರಲಿಕ್ಕೆ.

ಅದಾಗಿ ನಾಲ್ಕು ವರ್ಷವಾಯಿತು. ಗುರುಶಾಂತಮ್ಮನವರು ಈಗಲೂ ಸೋಮವಾರ ಪಂಕ್ತಿಗೆ ಬಡಿಸುವ ಮುಂಚೆ ಗಾಜಿನ ಆಚೆ ಬದಿಗೆ ಹುಳು ಹಾಕುತ್ತಾರೆ, ಅವು ಉಂಡು ಮುಗಿಸುವವರೆಗೆ ನಿಲ್ಲುತ್ತಾರೆ, ಆಮೇಲೆ ಗೆಂಡೆಗಳಿಗೆ ಹಾಕಿ ಅಡಿಗೆಮನೆಗೆ ಹೋಗುತ್ತಾರೆ.